ಪಕ್ಕದ ಮನೆಯಜ್ಜ ಕೊಟ್ಟ ಬಿಲ್ಲು

ಪ್ರಶ್ನೆ: ನಾವಿರುವುದು ಮಿಷಿಗನ್ ರಾಜ್ಯದ ಗ್ರ್ಯಾಂಡ್ ರ‍್ಯಾಪಿಡ್ಸ್‌ನಲ್ಲಿ. ಪಕ್ಕದ ಮನೆಯ ಅಜ್ಜ ಎಂಬತ್ತು ದಾಟಿದವರು. ಮುಂದಿನ ತಿಂಗಳು ಮನೆ ಮಾರಿ ಮಗಳ ಊರಿಗೆ ಹೊರಟಿದ್ದಾರೆ. ಗ್ಯಾರೇಜ್ ಖಾಲಿ ಮಾಡುವಾಗ ನನ್ನನ್ನು ಕರೆದು ಒಂದು ಬೇಟೆಯ ಬಿಲ್ಲು ಕೊಟ್ಟರು. ಬೇರ್ ಕಂಪನಿಯ 'ಕೋಡಿಯಾಕ್ ಹಂಟರ್', 60 ಇಂಚು ಉದ್ದ, ಎಳೆಯುವ ಭಾರ 45 ಪೌಂಡು. ಮೇಲೆ 1953 ಎಂದು ಬರೆದಿದೆ. "ಇಂಥದ್ದನ್ನು ಈಗ ಯಾರೂ ಮಾಡುವುದಿಲ್ಲ" ಎನ್ನುವಾಗ ಅವರ ಕಣ್ಣು ಒದ್ದೆಯಾಗಿತ್ತು. ನಮ್ಮಪ್ಪ ಮೈಸೂರಿನ ಯೆಜ್ಡಿ ಬೈಕಿನ ಬಗ್ಗೆ ಹೀಗೇ ಮಾತಾಡುತ್ತಿದ್ದರು. ಇದು ನಿಜವಾಗಿಯೂ 1953ರದ್ದೇ? ಇಷ್ಟು ಒಳ್ಳೆಯದಾಗಿದ್ದರೆ ಮಾಡುವುದನ್ನು ನಿಲ್ಲಿಸಿದ್ದೇಕೆ? ಅಥವಾ ಇದು ಬರೀ ವಯಸ್ಸಾದವರ ಹಳಹಳಿಕೆಯೋ? ಇದರಲ್ಲಿ ಬಾಣ ಹೊಡೆಯಬಹುದೆ? ಹದಿನಾಲ್ಕು ವರ್ಷದ ಮಗ ದಿನಾ ಕೇಳುತ್ತಿದ್ದಾನೆ. ವಾರ್ನಿಷ್ ಮಾಸಿದೆ, ಹೊಸದಾಗಿ ಬಳಿಸಲೆ?

ಉತ್ತರ: 1953ರ ವಿಷಯ ಮೊದಲು ಮುಗಿಸಿಬಿಡೋಣ. ನನಗೆ ಬರುವ ಪತ್ರಗಳಲ್ಲಿ ಅರ್ಧಕ್ಕರ್ಧ ಇದೇ ಪ್ರಶ್ನೆ.

ಅದು ಬಿಲ್ಲು ಹುಟ್ಟಿದ ವರ್ಷವಲ್ಲ. ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ನೋಡಿ, ಪಕ್ಕದಲ್ಲೇ ಸಣ್ಣಕ್ಷರದಲ್ಲಿ 'ಕೆನಡಾ' ಎಂದಿರುತ್ತದೆ. ಕಂಪನಿಯ ಫೈಬರ್ ಗ್ಲಾಸ್ ಬಿಲ್ಲಿಗೆ ಕೆನಡಾದಲ್ಲಿ ಪೇಟೆಂಟ್ ಸಿಕ್ಕ ವರ್ಷ ಅದು. ಅಲ್ಲಿಂದ ಮುಂದೆ ಎಷ್ಟೋ ವರ್ಷ, 60ರ ದಶಕವೆಲ್ಲಾ, ಕಂಪನಿ ಆ ಸಾಲನ್ನು ಬಿಲ್ಲುಗಳ ಮೇಲೆ ಒತ್ತುತ್ತಲೇ ಇತ್ತು. ಹಳೇ ಸಾಮಾನು ಮಾರುವವರು ಇವತ್ತಿಗೂ ಇಂಥ ಬಿಲ್ಲನ್ನೆಲ್ಲ '1953ರ ಅಪರೂಪದ ಬಿಲ್ಲು' ಎಂದು ಮಾರುತ್ತಾರೆ. ಕೆಲವರು ತಿಳಿಯದೆ, ಕೆಲವರು ಚೆನ್ನಾಗಿ ತಿಳಿದೇ.

ವಯಸ್ಸು ತಿಳಿಯಬೇಕಾದರೆ ಹಿಡಿಯ ಹತ್ತಿರ ಕೂರಿಸಿರುವ ಕರಡಿಯ ಬಿಲ್ಲೆಯ ಮೇಲೆ ಬೆರಳಾಡಿಸಿ. ಬಿಲ್ಲೆ ಮರದೊಂದಿಗೆ ಸಮತಟ್ಟಾಗಿ, ಉಗುರಿಗೂ ಸಿಕ್ಕದಂತೆ ಕೂತಿದ್ದರೆ ಅದು 1972 ಅಥವಾ ಅದಕ್ಕೂ ಹಿಂದಿನದು. 1973ರಿಂದ ಈಚೆಗಿನವುಗಳಲ್ಲಿ ಬಿಲ್ಲೆ ಉಬ್ಬಿಕೊಂಡು ಮೇಲೆ ನಿಂತಿರುತ್ತದೆ. ನೀವು ಕಳಿಸಿದ ಚಿತ್ರದಲ್ಲಿ ಬಿಲ್ಲೆ ಹಿತ್ತಾಳೆಯದು, ಸಮತಟ್ಟಾಗಿಯೇ ಇದೆ, ಕ್ರಮಸಂಖ್ಯೆ ಇಂಗ್ಲಿಷಿನ 'ಕೆ' ಅಕ್ಷರದಿಂದ ಶುರುವಾಗುತ್ತದೆ. 'ಕೆ' ಇದ್ದರೆ 1965ರಿಂದ 1969ರ ಒಳಗಿನದು. ಅಂದರೆ ನಿಮ್ಮ ಅಜ್ಜ ಇದನ್ನು ಕೊಂಡಾಗ ಇಪ್ಪತ್ತರ ಹರೆಯದ ಹುಡುಗ, ಮೊದಲ ಸಂಬಳದ ಆಸುಪಾಸು. ಅವರ ಕಣ್ಣು ಒದ್ದೆಯಾದದ್ದರಲ್ಲಿ ಸ್ವಲ್ಪ ಪಾಲು ಆ ಹುಡುಗನಿಗೆ ಸೇರಬೇಕು. ಉಳಿದ ಪಾಲು ಬಿಲ್ಲಿನದ್ದೇ ಎನ್ನುವುದು ನನ್ನ ಅಭಿಪ್ರಾಯ. ಯಾಕೆಂದು ಹೇಳಬೇಕಾದರೆ ಕಥೆ ಸ್ವಲ್ಪ ಹಿಂದಿನಿಂದ ಶುರುವಾಗಬೇಕು.

1911ರ ಆಗಸ್ಟ್ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಓರೊವಿಲ್ ಎಂಬ ಊರಿನ ಅಂಚಿಗೆ ಹಸಿದ, ಬಳಲಿದ ಒಬ್ಬ ಮನುಷ್ಯ ಕಾಡಿನಿಂದ ಇಳಿದು ಬಂದ. ಯಾಹಿ ಎಂಬ ಜನಾಂಗದಲ್ಲಿ ಉಳಿದಿದ್ದ ಕೊನೆಯವನು. ತನ್ನ ಹೆಸರನ್ನು ತಾನೇ ಹೇಳಿಕೊಳ್ಳುವುದು ಅವನ ಜನರಲ್ಲಿ ಪದ್ಧತಿಯಲ್ಲ, ಹಾಗಾಗಿ ಅವನದೇ ಭಾಷೆಯಲ್ಲಿ 'ಮನುಷ್ಯ' ಎಂಬ ಅರ್ಥದ 'ಇಶಿ' ಎಂದೇ ಎಲ್ಲರೂ ಕರೆದರು. ಸ್ಯಾನ್ ಫ್ರಾನ್ಸಿಸ್ಕೋದ ವಿಶ್ವವಿದ್ಯಾಲಯದ ಮ್ಯೂಸಿಯಮ್ಮಿನಲ್ಲಿ ಅವನಿಗೆ ಆಶ್ರಯ ಸಿಕ್ಕಿತು. ಅವನಿಗೆ ಔಷಧಿ ಕೊಡುತ್ತಿದ್ದ ಡಾಕ್ಟರು ಸ್ಯಾಕ್ಸ್‌ಟನ್ ಪೋಪ್. ಇಶಿ ಜುನಿಪರ್ ಮರ ಕೆತ್ತಿ, ಅದರ ಬೆನ್ನಿಗೆ ಪ್ರಾಣಿಯ ನರ ಅಂಟಿಸಿ ಗಿಡ್ಡ ಬಿಲ್ಲು ಮಾಡುವುದನ್ನು ಡಾಕ್ಟರು ಪಕ್ಕದಲ್ಲಿ ಕೂತು ನೋಡಿದರು, ಕಲಿತರು, ಅವನ ಜೊತೆ ಜಿಂಕೆಯ ಬೇಟೆಗೂ ಹೋದರು. 1916ರಲ್ಲಿ ಇಶಿ ಕ್ಷಯದಿಂದ ತೀರಿಕೊಂಡ. ಆ ಹೊತ್ತಿಗೆ ಪೋಪ್ ಅವರಿಗೆ ಬಿಲ್ಲಿನ ಹುಚ್ಚು ಪೂರ್ತಿ ಹತ್ತಿತ್ತು. ಅವರ ಬೇಟೆಯ ಜೊತೆಗಾರ ಆರ್ಟ್ ಯಂಗ್. ಯಂಗ್ ಅಲಾಸ್ಕಾಗೆ ಹೋಗಿ ಬಿಲ್ಲಿನಿಂದ ಬೇಟೆಯಾಡಿದ್ದನ್ನು ಫಿಲ್ಮು ಮಾಡಿ ಊರೂರಿನಲ್ಲಿ ತೋರಿಸುತ್ತಿದ್ದರು.

ಡೆಟ್ರಾಯಿಟ್‌ನಲ್ಲಿ ಆ ಫಿಲ್ಮು ನೋಡಿದವರಲ್ಲಿ ಒಬ್ಬ ಪೆನ್ಸಿಲ್ವೇನಿಯಾ ಕಡೆಯ ಹುಡುಗ, ಪ್ಯಾಕರ್ಡ್ ಕಾರಿನ ಕಾರ್ಖಾನೆಯಲ್ಲಿ ಮರದ ಅಚ್ಚು ಮಾಡುತ್ತಿದ್ದವನು. ಹೆಸರು ಫ್ರೆಡ್ ಬೇರ್. ಬೇರ್ ಎಂಬ ಮನೆತನದ ಹೆಸರಿನ ಅರ್ಥವೇ ಕರಡಿ, ಮುಂದೆ ಅದೇ ವ್ಯಾಪಾರದ ಮುದ್ರೆಯೂ ಆಯಿತು. ಯಂಗ್ ಅವರ ಪರಿಚಯ ಮಾಡಿಕೊಂಡು, ಬಿಲ್ಲು ಕೆತ್ತುವುದನ್ನು ಅವರಿಂದಲೇ ಕಲಿತು, ಮನೆಯ ನೆಲಮಾಳಿಗೆಯಲ್ಲಿ ಕೆಲಸ ಶುರು ಮಾಡಿದರು. ನಿಮ್ಮ ಗೋಡೆಗೆ ಒರಗಿರುವ ಬಿಲ್ಲಿಗೂ ಆ ಕೊನೆಯ ಯಾಹಿ ಮನುಷ್ಯನಿಗೂ ನಡುವೆ ಇರುವುದು ಮೂರೇ ಜನ: ಪೋಪ್, ಯಂಗ್, ಬೇರ್. ಬಿಲ್ಲಿನ ಆಕಾರ ಅಲ್ಲಿಂದ ಬಂದದ್ದಲ್ಲ, ಒಪ್ಪಿದೆ. ಪೋಪ್ ತಾವೇ ಆಮೇಲೆ ಇಂಗ್ಲೆಂಡಿನ ಮಾದರಿಯ ಉದ್ದ ಬಿಲ್ಲಿಗೆ ಹೊರಳಿದ್ದರು. ಆದರೆ ಹುಚ್ಚು ಬಂದ ದಾರಿ ಅದೇ.

1933ರಲ್ಲಿ ಬೇರ್ ಕಂಪನಿ ಹುಟ್ಟಿದಾಗ ಅದರ ಹೊಟ್ಟೆ ತುಂಬಿಸುತ್ತಿದ್ದದ್ದು ಬಿಲ್ಲಲ್ಲ, ಕಾರು ಕಂಪನಿಗಳಿಗೆ ಜಾಹೀರಾತಿನ ಸ್ಕ್ರೀನ್ ಪ್ರಿಂಟಿಂಗ್. ಬಿಲ್ಲಿನ ಕೆಲಸ ಒಂದು ಮೂಲೆಯಲ್ಲಿ ನಡೆಯುತ್ತಿತ್ತು. ಬಿಲ್ಲು ಕೊಳ್ಳುವವರು ಹುಟ್ಟಬೇಕಾದರೆ ಕಾನೂನು ದಾರಿ ಬಿಡಬೇಕಿತ್ತು. 1934ರಲ್ಲಿ ವಿಸ್ಕಾನ್ಸಿನ್ ಬಿಲ್ಲಿನ ಜಿಂಕೆ ಬೇಟೆಗೆಂದೇ ಪ್ರತ್ಯೇಕ ಅವಧಿ ಕೊಟ್ಟಿತು, 1937ರಲ್ಲಿ ಮಿಷಿಗನ್ ಕೂಡ ಕೊಟ್ಟಿತು. ಯುದ್ಧ ಮುಗಿದ ಮೇಲೆ, 1947ರಲ್ಲಿ, ಕಾರ್ಖಾನೆ ಉತ್ತರ ಮಿಷಿಗನ್ನಿನ ಗ್ರೇಲಿಂಗ್‌ಗೆ ಬಂತು. ಸುತ್ತ ಕಾಡು, ನಡುವೆ ಓ ಸೇಬಲ್ ಹೊಳೆ. ಬಿಲ್ಲು ಮಾಡುವವರು ಕೆಲಸ ಮುಗಿಸಿ ಅದೇ ಸಂಜೆ ಅದೇ ಬಿಲ್ಲು ಹಿಡಿದು ಕಾಡಿಗೆ ಹೋಗಬಹುದಾಗಿದ್ದ ಜಾಗ. ನಿಮ್ಮ ಊರಿನಿಂದ ಮೂರು ಗಂಟೆಯ ದಾರಿಯೂ ಇಲ್ಲ, ಒಮ್ಮೆ ಹೋಗಿ ಬನ್ನಿ.

ಈಗ ಬಿಲ್ಲಿಗೇ ಬರೋಣ. ಅದನ್ನು ಪಕ್ಕದಿಂದ, ತೆಳ್ಳಗಿನ ಅಂಚಿನ ಕಡೆಯಿಂದ ನೋಡಿ. ಹೊರಗೊಂದು, ಒಳಗೊಂದು ಫೈಬರ್ ಗ್ಲಾಸಿನ ಪಟ್ಟಿ, ನಡುವೆ ಮೇಪಲ್ ಮರದ ತೆಳು ಹಲಗೆ. ಮಸಾಲೆ ದೋಸೆಯ ಪದರದ ಹಾಗೆ ಎಂದುಕೊಳ್ಳಿ, ನಡುವಿನ ಪಲ್ಯವೇ ಮೇಪಲ್. ಬಿಲ್ಲು ಬಾಗಿದಾಗ ಬೆನ್ನು, ಅಂದರೆ ಹೊರಗಿನ ಮೈ, ಎಳೆತಕ್ಕೆ ಸಿಕ್ಕುತ್ತದೆ, ಹೊಟ್ಟೆ, ಅಂದರೆ ಎಳೆಯುವವರ ಕಡೆಯ ಮೈ, ಒತ್ತಡಕ್ಕೆ ಸಿಕ್ಕುತ್ತದೆ. ಬರೀ ಮರದ ಬಿಲ್ಲಾದರೆ ಎರಡನ್ನೂ ಮರವೇ ತಡೆಯಬೇಕು, ವರ್ಷ ಕಳೆದಂತೆ ಬಳಲಿ ಬಾಗಿಯೇ ನಿಂತುಬಿಡುತ್ತದೆ. ಗಾಜಿನ ನಾರುಗಳನ್ನೆಲ್ಲ ಉದ್ದಕ್ಕೆ ಒಂದೇ ದಿಕ್ಕಿಗೆ ಜೋಡಿಸಿದ ಪಟ್ಟಿ ಅಂಟಿಸಿದರೆ ಆ ಭಾರವನ್ನು ಅದೇ ಹೊರುತ್ತದೆ. ಈ ಹದ ಸುಲಭಕ್ಕೆ ಸಿಕ್ಕಿದ್ದಲ್ಲ. 1949ರ ಸುಮಾರಿಗೆ ಇದೇ ಕಂಪನಿ ನಡುವೆ ಅಲ್ಯುಮಿನಿಯಂ ಪದರ ಇಟ್ಟು ನೋಡಿ ಕೈಸುಟ್ಟುಕೊಂಡಿತು. ಅಂಟು ಬಿಟ್ಟು ಬಿಲ್ಲುಗಳು ಮುರಿದು ವಾಪಸು ಬಂದವು. ಗಾಜಿನ ಪಟ್ಟಿ ಕೈಗೆ ಹತ್ತಿದ್ದು ಆಮೇಲೆ.

ಪದರ ಜೋಡಿಸಿ, ಅಂಟು ಹಚ್ಚಿ, ಅಚ್ಚಿನಲ್ಲಿ ಒತ್ತಿ, ಬಿಸಿ ಕೊಟ್ಟು ತೆಗೆಯುವವರೆಗೆ ಅದು ಕಾರ್ಖಾನೆಯ ಕೆಲಸ. ದಿನಕ್ಕೆ ಎಷ್ಟು ಬೇಕಾದರೂ ಮಾಡಬಹುದು. ಆದರೆ ಅಚ್ಚಿನಿಂದ ಬಂದದ್ದು ಇನ್ನೂ ಬಿಲ್ಲಲ್ಲ, ಬಿಲ್ಲಿನಂಥ ಒಂದು ದಿಮ್ಮಿ. ಹಿಡಿಯನ್ನು ಅಂಗೈಗೆ ಕೂರುವಂತೆ ಉಜ್ಜಬೇಕು. ಹೆದೆ ಸಿಕ್ಕಿಸುವ ತುದಿಯ ಕಚ್ಚು, ಹಳಗನ್ನಡದವರು 'ಕೊಪ್ಪು' ಎನ್ನುತ್ತಿದ್ದರಲ್ಲ, ಅದನ್ನು ಕೊರೆಯಬೇಕು. ಮೇಲಿನ ತೋಳು ಕೆಳಗಿನ ತೋಳು ಸರಿಸಮ ಬಾಗುವವರೆಗೆ ಒಂದಿಷ್ಟು ಉಜ್ಜಿ, ಹೆದೆಯೇರಿಸಿ, ಕಣ್ಣಳತೆ ನೋಡಿ, ಮತ್ತೆ ಇಳಿಸಿ ಉಜ್ಜಬೇಕು. ಇದನ್ನೆಲ್ಲ ಮಾಡುತ್ತಿದ್ದದ್ದು ಒಬ್ಬ ಮನುಷ್ಯ, ತಿರುಗುವ ಉಜ್ಜುಪಟ್ಟಿಯ ಮುಂದೆ ನಿಂತುಕೊಂಡು. ನಿಮ್ಮ ಬಿಲ್ಲಿನ ಹಿಡಿಯಲ್ಲಿ ಹೆಬ್ಬೆರಳು ಕೂರುವ ತಗ್ಗು ಇದೆಯಲ್ಲ, ಅದೇ ವರ್ಷದ ಅದೇ ಮಾದರಿಯ ಇನ್ನೊಂದು ಬಿಲ್ಲು ತಂದು ಪಕ್ಕದಲ್ಲಿಡಿ. ಎರಡೂ ಒಂದೇ ಇರುವುದಿಲ್ಲ. ಕೂದಲೆಳೆಯಷ್ಟಾದರೂ ವ್ಯತ್ಯಾಸ ಬೆರಳಿಗೆ ಸಿಗುತ್ತದೆ.

ಜನ ಹಂಬಲಿಸುವುದು ಈ ಗಳಿಗೆಗಾಗಿ. 50ರ ದಶಕಕ್ಕೆ ಮುಂಚೆ ಒಳ್ಳೆಯ ಬಿಲ್ಲು ಬೇಕಾದರೆ ಬಿಲ್ಲು ಮಾಡುವವನನ್ನು ಹುಡುಕಿಕೊಂಡು ಹೋಗಿ ಕಾಯಬೇಕಿತ್ತು, ದುಡ್ಡೂ ಬೇಕಿತ್ತು. 70ರ ದಶಕದ ನಂತರ ಬಂದದ್ದು ಯಂತ್ರ ಕಡೆದ ಲೋಹದ ಹಿಡಿಗಳು. ಈ ಎರಡರ ನಡುವೆ, ಹದಿನೈದಿಪ್ಪತ್ತು ವರ್ಷ, ಕಾರ್ಖಾನೆಯ ಕೂಲಿಯವನೂ ಕೊಳ್ಳಬಹುದಾದ ಬೆಲೆಗೆ ಕೈಯ ಗುರುತಿದ್ದ ಬಿಲ್ಲು ಅಂಗಡಿಯಲ್ಲಿ ಸಿಗುತ್ತಿತ್ತು. ಬೇರ್ ಒಂದೇ ಅಲ್ಲ. ಅರ್ಕಾನ್ಸಾದ ಪೈನ್ ಬ್ಲಫ್‌ನಲ್ಲಿ ಬೆನ್ ಪಿಯರ್ಸನ್, ಟೆಕ್ಸಸ್‌ನ ಜ್ಯಾಕ್ಸನ್‌ವಿಲ್‌ನಲ್ಲಿ ಬಾಬ್ ಲೀ ಅವರ ವಿಂಗ್, ವಾಷಿಂಗ್ಟನ್ ರಾಜ್ಯದ ಯಾಕಿಮಾದಲ್ಲಿ ಡೇಮನ್ ಹೊವಾಟ್, ಸೇಂಟ್ ಲೂಯಿಸ್‌ನಲ್ಲಿ ಅರ್ಲ್ ಹಾಯ್ಟ್. ಮೀನಿನ ಗಾಳದ ರೀಲಿಗೆ ಹೆಸರಾಗಿದ್ದ ಕಲಮಜೂವಿನ ಶೇಕ್ಸ್‌ಪಿಯರ್ ಕಂಪನಿ ಕೂಡ ಬಿಲ್ಲು ಮಾಡುತ್ತಿತ್ತು. ಹೌದು, ಹೆಸರು ಅದೇ, ನಾಟಕಕಾರರಿಗೂ ಅದಕ್ಕೂ ಸಂಬಂಧವಿಲ್ಲ. ಇವರಲ್ಲಿ ಪಿಯರ್ಸನ್ ಬಗ್ಗೆ ನನಗೆ ವಿಶೇಷ ಪ್ರೀತಿ. ಬಿಲ್ಲನ್ನು ಮೊದಲ ಬಾರಿಗೆ ದೊಡ್ಡ ಪ್ರಮಾಣದಲ್ಲಿ ಕಾರ್ಖಾನೆಯಲ್ಲಿ ಮಾಡಿದ ಹೆಗ್ಗಳಿಕೆ ಸಾಮಾನ್ಯವಾಗಿ ಅವರಿಗೇ ಸಲ್ಲುತ್ತದೆ. ಅಮೆರಿಕದ ಎಷ್ಟೋ ಮಕ್ಕಳು ಮೊದಲು ಎಳೆದ ಹೆದೆ ಪೈನ್ ಬ್ಲಫ್‌ನಿಂದ ಬಂದದ್ದು. ಆದರೂ ಸಂಗ್ರಹಕಾರರು ಬೇರ್ ಬಿಲ್ಲಿಗೆ ಸುರಿಯುವ ದುಡ್ಡಿನ ಕಾಲುಭಾಗವನ್ನೂ ಪಿಯರ್ಸನ್ ಬಿಲ್ಲಿಗೆ ಬಿಚ್ಚುವುದಿಲ್ಲ. ಫ್ರೆಡ್ ಬೇರ್ ಕ್ಯಾಮೆರಾದ ಮುಂದೆ ಬೇಟೆಯಾಡಿದರು, ಟಿವಿಯಲ್ಲಿ ಬಂದರು. ಅವರ ಆ ಹಳೇ ಟೋಪಿ ಎಲ್ಲರಿಗೂ ಗೊತ್ತಿತ್ತು. ಹಂಬಲಕ್ಕೂ ಪ್ರಚಾರ ಬೇಕಾಗುತ್ತದೆ, ಏನು ಮಾಡುವುದು.

ಹಾಗಾದರೆ ನಿಲ್ಲಿಸಿದ್ದೇಕೆ? ಹಳಬರನ್ನು ಕೇಳಿದರೆ ಒಂದೇ ಉತ್ತರ: "ಗಾಲಿ ಬಂತು, ಬಿಲ್ಲು ಹೋಯಿತು." ಗಾಲಿ ಎಂದರೆ ಕಾಂಪೌಂಡ್ ಬಿಲ್ಲಿನ ತುದಿಯ ರಾಟೆಗಳು. ಇದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

ಮಿಸ್ಸೌರಿಯ ಹೋಲೆಸ್ ವಿಲ್ಬರ್ ಆಲೆನ್ ಎಂಬುವವರು ಒಂದು ರಿಕರ್ವ್ ಬಿಲ್ಲಿನ, ಅಂದರೆ ನಿಮ್ಮದರಂತೆ ತುದಿ ಹೊರಕ್ಕೆ ಬಾಗಿದ ಬಿಲ್ಲಿನ, ತುದಿಗಳನ್ನೇ ಗರಗಸದಿಂದ ಕತ್ತರಿಸಿ ಅಲ್ಲಿ ರಾಟೆ ಕೂರಿಸಿ ನೋಡಿದರು ಎನ್ನುತ್ತಾರೆ. 1966ರ ಜೂನ್‌ನಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು, 1969ರ ಡಿಸೆಂಬರ್‌ನಲ್ಲಿ ಸಿಕ್ಕಿತು. ಅದರ ಗುಟ್ಟು ರಾಟೆಯ ಅಚ್ಚು ನಟ್ಟನಡುವೆ ಇರದೆ ಪಕ್ಕಕ್ಕೆ ಸರಿದಿರುವುದು. ಎಳೆಯುತ್ತಾ ಹೋದಂತೆ ಭಾರ ಏರುತ್ತದೆ, ರಾಟೆ ಮಗುಚಿದ ಕೂಡಲೇ ಇಳಿದುಬಿಡುತ್ತದೆ. ಲೆಕ್ಕ ಹೀಗೆ: ನಿಮ್ಮ ಕೋಡಿಯಾಕ್ ಹಂಟರ್ ಪೂರ್ತಿ ಎಳೆದು ಹಿಡಿದರೆ ಬೆರಳ ಮೇಲೆ 45 ಪೌಂಡೂ ಇರುತ್ತದೆ, ಕೈ ನಡುಗುವ ಮುಂಚೆ ಬಿಡಲೇಬೇಕು. ಶೇಕಡಾ 65 ಭಾರ ಇಳಿಸುವ 60 ಪೌಂಡಿನ ಕಾಂಪೌಂಡ್ ಬಿಲ್ಲಾದರೆ ಹಿಡಿದು ನಿಲ್ಲುವಾಗ ಉಳಿಯುವುದು 21 ಪೌಂಡು. ಜಿಂಕೆ ಮರದ ಮರೆಯಿಂದ ಹೊರಬರುವವರೆಗೆ ಕಾಯಬಹುದು. ವರ್ಷದಲ್ಲಿ ನಾಲ್ಕು ವಾರಾಂತ್ಯ ಮಾತ್ರ ಬಿಡುವಿರುವ ಬೇಟೆಗಾರ ಯಾವುದನ್ನು ಕೊಳ್ಳುತ್ತಾನೆ ಹೇಳಿ. ನನ್ನ ಕೇಳಿದರೆ ಅಭ್ಯಾಸವಿಲ್ಲದವನು ಹಳೇ ಬಿಲ್ಲಿನಿಂದ ಪ್ರಾಣಿಯನ್ನು ಗಾಯಗೊಳಿಸಿ ಕಳಿಸುವುದಕ್ಕಿಂತ ಗಾಲಿಯ ಬಿಲ್ಲು ಹಿಡಿಯುವುದೇ ಮೇಲು. ಇದನ್ನು ಹೇಳಿದ್ದಕ್ಕೆ ಹಳೇ ಬಿಲ್ಲಿನ ಗೆಳೆಯರಿಂದ ಬೈಸಿಕೊಂಡಿದ್ದೇನೆ.

ಆದರೆ ಇಸವಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿ. ಬೆನ್ ಪಿಯರ್ಸನ್ ಕಂಪನಿ 1967ರಲ್ಲಿ ಲೀಷರ್ ಗ್ರೂಪ್ ಎಂಬ ಸಂಸ್ಥೆಯ ಪಾಲಾಯಿತು. 1968ರಲ್ಲಿ ಬೇರ್ ಆರ್ಚರಿಯನ್ನು ಕೊಂಡದ್ದು ಲೆಕ್ಕ ಮಾಡುವ ಯಂತ್ರ ತಯಾರಿಸುತ್ತಿದ್ದ ವಿಕ್ಟರ್ ಕಾಂಪ್ಟೋಮೀಟರ್. ಆ ಸುಮಾರಿಗೇ ವಿಂಗ್ ಕಂಪನಿ ಹಿಮದ ಮೇಲೆ ಜಾರುವ ಸ್ಕೀ ಮಾಡುತ್ತಿದ್ದ ಹೆಡ್ ಕಂಪನಿಗೆ ಹೋಯಿತು, ಅಲ್ಲಿಂದ ಎಎಂಎಫ್ ಎಂಬ ಇನ್ನೂ ದೊಡ್ಡ ಹೊಟ್ಟೆಗೆ. ಆಗಿನ್ನೂ ಆಲೆನ್ ಅವರ ಪೇಟೆಂಟ್ ಕೈಗೆ ಬಂದೇ ಇರಲಿಲ್ಲ. ಗಾಲಿಯ ಬಿಲ್ಲು ಅಂಗಡಿಗಳನ್ನು ತುಂಬುವ ಮುಂಚೆಯೇ ಬಿಲ್ಲು ಮಾಡುವವರ ಮನೆಗಳ ಬೀಗದ ಕೈ ಬೇರೆಯವರ ಸೊಂಟಕ್ಕೆ ಸೇರಿತ್ತು. ವ್ಯಾಪಾರ ಏರುಮುಖದಲ್ಲಿತ್ತು, ದೊಡ್ಡ ಸಂಸ್ಥೆಗಳು ಕ್ರೀಡಾ ಸಾಮಾನಿನ ಕಂಪನಿಗಳನ್ನು ಬಾಚಿಕೊಳ್ಳುತ್ತಿದ್ದ ಕಾಲ. ಒಳ್ಳೆಯ ಬೆಲೆ ಬಂತು, ಮಾರಿದರು. ತಪ್ಪೆಂದು ನಾನು ಹೇಳಲಾರೆ. ಅಲ್ಲಿಂದ ಮುಂದೆ ಯಾವ ಮಾದರಿ ಇರಬೇಕು, ಯಾವುದು ಹೋಗಬೇಕು ಎನ್ನುವ ತೀರ್ಮಾನ ಮಾತ್ರ ಬೇಟೆಗೆ ಹೋಗುವವರ ಕೈಯಲ್ಲಿ ಉಳಿಯಲಿಲ್ಲ. 1978ರಲ್ಲಿ ಬೇರ್ ಕಾರ್ಖಾನೆ ಗ್ರೇಲಿಂಗ್ ಬಿಟ್ಟು ಫ್ಲೋರಿಡಾದ ಗೇನ್ಸ್‌ವಿಲ್‌ಗೆ ಹೋಯಿತು. ಮಿಷಿಗನ್ನಿನ ಹಳಬರ ಮಟ್ಟಿಗೆ ಕಥೆ ಮುಗಿದದ್ದು ಆ ವರ್ಷ. ಬಿಲ್ಲಿನ ಮೇಲೆ 'ಗ್ರೇಲಿಂಗ್, ಮಿಷಿಗನ್' ಎಂದಿದೆಯೋ ಇಲ್ಲವೋ ಎಂದು ಅವರು ಮೊದಲು ನೋಡುವುದು ಅದಕ್ಕೇ. ನಿಮ್ಮಜ್ಜನೂ ಆ ಸಾಲನ್ನು ನಿಮಗೆ ಬೆರಳಿಟ್ಟು ತೋರಿಸಿರುತ್ತಾರೆ.

ಇನ್ನು ಗಾಲಿಯವರ ಗತಿ ಕೇಳಿ. ಆಲೆನ್ ಅವರ ಬಿಲ್ಲನ್ನು ನಂಬಿ ಮೊದಲು ಮಾರುಕಟ್ಟೆಗೆ ತಂದವರು ಟಾಮ್ ಜೆನ್ನಿಂಗ್ಸ್, ಸ್ವತಃ ಒಳ್ಳೆಯ ರಿಕರ್ವ್ ಬಿಲ್ಲು ಮಾಡುತ್ತಿದ್ದವರು. 70ರ ದಶಕದಲ್ಲಿ ಕಾಂಪೌಂಡ್ ಎಂದರೆ ಜೆನ್ನಿಂಗ್ಸ್ ಎನ್ನುವಂತಿತ್ತು. 80ರ ದಶಕದಲ್ಲಿ ಆ ಕಂಪನಿಯನ್ನು ಕೊಂಡವರು ಯಾರು? ಬೇರ್ ಆರ್ಚರಿ. ಈಗ ಅರವತ್ತು ದಾಟಿದವರು ಹಳೇ ಜೆನ್ನಿಂಗ್ಸ್ ಬಿಲ್ಲು ಹುಡುಕಿಕೊಂಡು ನನ್ನ ಹತ್ತಿರ ಬರುತ್ತಾರೆ. ನಾಲ್ಕು ರಾಟೆ, ಉಕ್ಕಿನ ಕೇಬಲ್ಲು, ಮರದ ಹಿಡಿ, ನೋಡಿದರೆ ಬಾವಿಯ ಗಡಗಡೆ ನೆನಪಾಗುತ್ತದೆ. ಅದನ್ನೂ ಎದೆಗವಚಿಕೊಂಡು "ಇಂಥದ್ದನ್ನು ಈಗ ಮಾಡುವುದಿಲ್ಲ" ಎನ್ನುತ್ತಾರೆ. ಯಾವ ಗಾಲಿಯನ್ನು ಇವರ ಅಪ್ಪಂದಿರು ಶಪಿಸಿದ್ದರೋ ಅದೇ ಗಾಲಿಗೆ ಇವರು ಕಣ್ಣೀರು ಹಾಕುತ್ತಾರೆ. ಆದ್ದರಿಂದ ಹಳಹಳಿಕೆಯೇ ಪ್ರಮಾಣವಲ್ಲ ಎಂಬ ನಿಮ್ಮ ಅನುಮಾನ ಸರಿಯಾದದ್ದೇ.

ಯೆಜ್ಡಿಯ ಹೋಲಿಕೆ ಕೊಟ್ಟಿರಿ. ಒಂದು ಕಡೆ ಅದು ಚೆನ್ನಾಗಿ ಹೊಂದುತ್ತದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು, ಹೆಸರು ಈಗ ಬೇರೆ ಕಂಪನಿಯ ಹೊಸ ಬೈಕಿನ ಮೇಲೆ ಮರಳಿ ಬಂದಿದೆ. ಬೇರ್ ಕೂಡ ಕೋಡಿಯಾಕ್, ಗ್ರಿಜ್ಲಿ ಹೆಸರಿನ ಬಿಲ್ಲುಗಳನ್ನು ಇವತ್ತಿಗೂ ಮಾರುತ್ತದೆ. ಫ್ರೆಡ್ ಅವರೇ ರೂಪಿಸಿದ, ಉಪಕರಣವಿಲ್ಲದೆ ಬಿಚ್ಚಿ ಜೋಡಿಸಬಹುದಾದ ಟೇಕ್‌ಡೌನ್ ಬಿಲ್ಲೂ ಮತ್ತೆ ಬಂದಿದೆ. ಹಾಗಾಗಿ "ಈಗ ಮಾಡುವುದಿಲ್ಲ" ಎನ್ನುವುದು ಅಕ್ಷರಶಃ ನಿಜವಲ್ಲ. ಹೊಸ ಬಿಲ್ಲು ಕೆಟ್ಟದ್ದೂ ಅಲ್ಲ. ತುದಿ ಗಟ್ಟಿಯಾಗಿ ಮಾಡಿದ್ದಾರೆ, ಬಿಗಿಯಾದ ಹೊಸ ಹೆದೆಗಳನ್ನು ತಡೆಯುತ್ತದೆ, ಆ ವಿಷಯದಲ್ಲಿ ಹಳೆಯದಕ್ಕಿಂತ ಮೇಲು. ಆದರೆ ಯೆಜ್ಡಿ ಹಳೆಯದಾದಷ್ಟೂ ರಿಪೇರಿ ಹೆಚ್ಚು. ಫೈಬರ್ ಗ್ಲಾಸ್ ಬಿಲ್ಲು ಹಾಗಲ್ಲ. ಬಿಸಿಲಿಗೆ ಬೀಳದೆ, ತಿರುಚಿಕೊಳ್ಳದೆ ಉಳಿದಿದ್ದರೆ ಅರವತ್ತು ವರ್ಷದ ಮೇಲೂ ಹೊಸತರಂತೆಯೇ ಬಾಣ ಬಿಡುತ್ತದೆ. ನಿಮ್ಮಜ್ಜನ ಮಾತು ಬರೀ ಹಳಹಳಿಕೆಯೋ ಎಂದು ಕೇಳಿದಿರಲ್ಲ, ಅದನ್ನು ನೀವೇ ಎಳೆದು ಪರೀಕ್ಷಿಸಬಹುದು.

ಫ್ರೆಡ್ ಬೇರ್ 1963ರಲ್ಲಿ ಭಾರತಕ್ಕೂ ಬಂದು ಬಿಲ್ಲಿನಿಂದ ಹುಲಿ ಹೊಡೆದಿದ್ದರು. ಆ ಕಾಲಕ್ಕೆ ಅದು ಸಾಹಸ. ಇವತ್ತು ಓದಿದರೆ ನನಗೆ ಹೊಟ್ಟೆ ತೊಳಸುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಆ ಮಾತೇ ಇಲ್ಲ. ಬಿಲ್ಲನ್ನು ಮೆಚ್ಚುವುದಕ್ಕೆ ಅದನ್ನು ಮಾಡಿದವರ ಗೋಡೆಯ ಮೇಲಿನದನ್ನೆಲ್ಲ ಮೆಚ್ಚಬೇಕೆಂದೇನೂ ಇಲ್ಲ ಎಂದು ಹೇಳಲಿಕ್ಕಷ್ಟೇ ಇದನ್ನು ಎತ್ತಿದೆ.

ಈಗ ಹೊಡೆಯುವ ವಿಷಯ. ಅವಸರ ಬೇಡ. ಒಂದು ಹತ್ತಿಯುಂಡೆಯನ್ನು ಎರಡೂ ತೋಳುಗಳ ಮೇಲೆ ನಿಧಾನ ಸವರಿ. ಎಲ್ಲಾದರೂ ಎಳೆ ಸಿಕ್ಕಿಕೊಂಡರೆ ಅಲ್ಲಿ ಗಾಜಿನ ನಾರು ಎದ್ದಿದೆ. ಆಮೇಲೆ ಬೆಳಕಿಗೆ ಹಿಡಿದು ನೋಡಿ. ಉದ್ದಕ್ಕೆ ಕೂದಲಿನಂಥ ಸಣ್ಣ ಗೆರೆಗಳಿದ್ದರೆ ಹೆದರಬೇಡಿ, ಆ ಕಾಲದ ಗಾಜಿನಲ್ಲಿ ಅದು ಸಾಮಾನ್ಯ. ಅಡ್ಡಕ್ಕೆ ಬಿರುಕಿದ್ದರೆ ಮಾತ್ರ ಆ ಬಿಲ್ಲು ಗೋಡೆಗೇ ಸರಿ, ಎಳೆಯಬೇಡಿ. ಅಂಚಿನಲ್ಲಿ ಪದರಗಳ ನಡುವೆ ಉಗುರು ಹೋಗುವಂತಿದ್ದರೂ ಅಷ್ಟೇ. ಹೆದೆಯೇರಿಸಿದ ಮೇಲೆ ತುದಿಯಿಂದ ಒಂದು ಕಣ್ಣು ಮುಚ್ಚಿ ನೋಡಿ, ಹೆದೆ ಎರಡೂ ತೋಳುಗಳ ನಡುವೆಯೇ ಹಾದುಹೋಗಬೇಕು. ಪಕ್ಕಕ್ಕೆ ಸರಿದಿದ್ದರೆ ತೋಳು ತಿರುಚಿಕೊಂಡಿದೆ. ಸ್ವಲ್ಪವಾದರೆ ತಿಳಿದವರು ಸರಿ ಮಾಡಿಕೊಡುತ್ತಾರೆ.

ತಿರುಚಿಕೊಳ್ಳಲು ಮುಖ್ಯ ಕಾರಣ ಹೆದೆಯೇರಿಸುವ ರೀತಿ. ಸಿನಿಮಾದಲ್ಲಿ ತೋರಿಸುವಂತೆ ಬಿಲ್ಲಿನೊಳಗೆ ಕಾಲು ತೂರಿಸಿ ತೊಡೆಗೆ ಒತ್ತಿ ಬಗ್ಗಿಸಬೇಡಿ. ಸ್ಟ್ರಿಂಗರ್ ಎಂಬ ಹಗ್ಗ ಸಿಗುತ್ತದೆ. ಅದರ ಚೀಲಗಳನ್ನು ಎರಡು ತುದಿಗೂ ತೊಡಿಸಿ, ಹಗ್ಗ ಮೆಟ್ಟಿ, ಹಿಡಿಯನ್ನು ಮೇಲಕ್ಕೆತ್ತಿದರೆ ಎರಡೂ ತೋಳು ಸಮವಾಗಿ ಬಾಗುತ್ತವೆ. ಮುಖಕ್ಕೆ ಚಿಮ್ಮುವ ಭಯವೂ ಇಲ್ಲ.

ಹೆದೆ ಯಾವುದು ಎನ್ನುವುದು ಎಲ್ಲಕ್ಕಿಂತ ಮುಖ್ಯ. ಇಲ್ಲಿ ನನ್ನ ತಪ್ಪನ್ನೇ ಹೇಳುತ್ತೇನೆ. ಈ ಕೆಲಸಕ್ಕೆ ಹೊಸಬನಾಗಿದ್ದಾಗ 60ರ ದಶಕದ ಒಂದು ಚಂದದ ಬಿಲ್ಲಿಗೆ, ಬಾಣ ಇನ್ನಷ್ಟು ಜೋರಾಗಿ ಹೋಗಲೆಂದು, ಫಾಸ್ಟ್ ಫ್ಲೈಟ್ ಜಾತಿಯ ಹೊಸ ಹೆದೆ ಹಾಕಿದೆ. ಬಾಣ ಜೋರಾಗಿಯೇ ಹೋಯಿತು. ಮೂರನೆಯ ವಾರ ಮೇಲಿನ ತುದಿಯ ಕಚ್ಚು ಸೀಳಿ ತೋಳಿನ ಅರ್ಧದವರೆಗೆ ಪದರ ಬಿಟ್ಟಿತು. ಡೇಕ್ರಾನ್ ಎಂಬ ಪಾಲಿಯೆಸ್ಟರ್ ನೂಲಿನ ಹಳೇ ಹೆದೆ ಬಾಣ ಹೊರಟ ಕೊನೆಯ ಗಳಿಗೆಯಲ್ಲಿ ಸ್ವಲ್ಪ ಹಿಗ್ಗಿ ಏಟನ್ನು ತಾನು ನುಂಗುತ್ತದೆ. ಹೊಸ ಹೆದೆ ಹಿಗ್ಗುವುದಿಲ್ಲ, ಪೂರ್ತಿ ಏಟು ತುದಿಗೇ ಬೀಳುತ್ತದೆ. ಆ ಕಾಲದ ತುದಿಗಳನ್ನು ಅದಕ್ಕೆಂದು ಮಾಡಿರಲಿಲ್ಲ. ಮುರಿದ ತೋಳು ನನ್ನ ಮೇಜಿನ ಮೇಲೆ ಈಗಲೂ ಇದೆ, ಪೇಪರ್ ಹಾರದಂತೆ ಇಡಲು.

ಬಾಣವೂ ತೀರಾ ಹಗುರವಾಗಿರಬಾರದು. ಪೌಂಡಿಗೆ ಒಂಬತ್ತು ಗ್ರೇನ್ ಲೆಕ್ಕ ಹಿಡಿಯಿರಿ. ನಿಮ್ಮ 45ಕ್ಕೆ 405 ಗ್ರೇನ್, ಅಂದರೆ ಸುಮಾರು 26 ಗ್ರಾಂ. ಬಾಣವಿಲ್ಲದೆ ಬರಿದೇ ಹೆದೆ ಎಳೆದು ಬಿಡಲೇಬೇಡಿ, ಮನೆಗೆ ಬಂದ ನೆಂಟರ ಕೈಗೂ ಕೊಡಬೇಡಿ. ಬಿಲ್ಲು ನೋಡಿದವರೆಲ್ಲ ಮೊದಲು ಮಾಡುವುದು ಅದನ್ನೇ. ಬೇಸಿಗೆಯಲ್ಲಿ ಕಾರಿನ ಡಿಕ್ಕಿಯಲ್ಲಿ ಬಿಟ್ಟುಹೋದರೆ ಅಂಟು ಮೆತ್ತಗಾಗಿ ಪದರ ಬಿಡುತ್ತದೆ. ಎಷ್ಟೋ ಬಿಲ್ಲುಗಳು ಸತ್ತದ್ದು ಬೇಟೆಯಲ್ಲಲ್ಲ, ಪಾರ್ಕಿಂಗ್ ಜಾಗದಲ್ಲಿ.

ಮಗನ ವಿಷಯ: 45 ಪೌಂಡು ಅವನಿಗೆ ಬೇಡ. ಅದು 28 ಇಂಚು ಎಳೆದಾಗಿನ ಅಳತೆ, ಅವನ ಕೈಯುದ್ದಕ್ಕೆ ನಾಲ್ಕೈದು ಪೌಂಡು ಕಡಿಮೆಯಾಗಬಹುದು, ಆದರೂ ಹೆಚ್ಚೇ. ಭಾರ ಎಳೆಯಲಾಗದೆ ಬೆನ್ನು ಬಗ್ಗಿಸಿ ಕತ್ತು ತಿರುಚಿ ಕಲಿತದ್ದನ್ನು ಮರೆಸಲು ಎರಡು ವರ್ಷ ಬೇಕಾಗುತ್ತದೆ. ಹತ್ತಿರದ ಕ್ಲಬ್ಬಿನಲ್ಲಿ 20, 25 ಪೌಂಡಿನ ಬಿಲ್ಲು ಹಿಡಿಸಿ. ಈ ಬಿಲ್ಲು ಎಲ್ಲಿಗೂ ಹೋಗುವುದಿಲ್ಲ, ಕಾಯುತ್ತದೆ.

ವಾರ್ನಿಷ್ ಬಳಿಸಬೇಡಿ. ಉಜ್ಜಿದರೆ ಮೊದಲು ಹೋಗುವುದು ಆ ಅಕ್ಷರಗಳೇ: ಪೌಂಡು, ಕ್ರಮಸಂಖ್ಯೆ, ಗ್ರೇಲಿಂಗ್ ಎಂಬ ಹೆಸರು. ಕೋಡಿಯಾಕ್ ಹಂಟರ್ ಅಂಥ ಅಪರೂಪದ ಮಾದರಿಯಲ್ಲ, 1959ರ ಕೋಡಿಯಾಕ್ ಆಗಿದ್ದರೆ ಮಾತು ಬೇರೆ. ಬೆಲೆಯ ಆಸೆಗೂ ಹೊಳಪಿಸುವ ಅಗತ್ಯವಿಲ್ಲ. ಒಣ ಬಟ್ಟೆಯಲ್ಲಿ ಒರೆಸಿ, ಸ್ವಲ್ಪ ಮೇಣ ತಿಕ್ಕಿದರೆ ಸಾಕು. ಹಿಡಿಯ ಬಳಿ ಬಣ್ಣ ಕಪ್ಪಾಗಿರುವ ಜಾಗವಿದೆಯಲ್ಲ, ಅದು ಕೊಳೆಯಲ್ಲ, ನಿಮ್ಮಜ್ಜನ ಅಂಗೈ.

ಅವರು ಹೊರಡಲು ಒಂದು ತಿಂಗಳಿದೆ ಎಂದಿರಿ. ಹೆದೆ ಒಂದು ವಾರದಲ್ಲಿ ಬರುತ್ತದೆ, ಇವತ್ತೇ ತರಿಸಿ. ಎಳೆಯಲು ಅವರ ಭುಜ ಈಗ ಒಪ್ಪಲಿಕ್ಕಿಲ್ಲ, ಆದರೆ ಹಿಡಿಗೂ ಹೆದೆಗೂ ನಡುವಿನ ಅಂತರ ಎಷ್ಟಿಟ್ಟಾಗ ಈ ಬಿಲ್ಲು ಸದ್ದು ಮಾಡದೆ ಬಾಣ ಬಿಡುತ್ತಿತ್ತು ಎಂದು ಅವರಿಗೆ ಗೊತ್ತಿರುತ್ತದೆ. ಏಳೂವರೆಯಿಂದ ಎಂಟೂವರೆ ಇಂಚಿನೊಳಗೆ ಎಲ್ಲೋ ಒಂದು ಕಡೆ ಅದು ಸಿಗುತ್ತದೆ. ಹುಡುಕುತ್ತಾ ಕೂರುವುದಕ್ಕಿಂತ ಕೇಳಿಬಿಡಿ. ಅಂಗಡಿಯವರಿಗೆ '60 ಇಂಚಿನ ರಿಕರ್ವ್ ಬಿಲ್ಲಿಗೆ, ಡೇಕ್ರಾನ್' ಎಂದೇ ಹೇಳಿ. ಬಂದ ಹೆದೆಯನ್ನು ಅಳೆದರೆ 56 ಇಂಚಿನ ಆಸುಪಾಸು ಇರುತ್ತದೆ, ಚಿಕ್ಕದು ಕಳಿಸಿದರೆಂದು ವಾಪಸು ಮಾಡಬೇಡಿ, ಅದೇ ಸರಿಯಾದ ಅಳತೆ.